ಬಾಟ್ಲಿ ಅಕ್ಕನ ಹದಿನೆಂಟು ಕಣಜಗಳು

ಬಾಟ್ಲಿ ಅಕ್ಕ ಹೋಗಿ ಮೂರು ತಿಂಗಳಾಯಿತು. ಹೋಗುವ ಹಿಂದಿನ ದಿನ ಆಸ್ಪತ್ರೆಯ ಮಂಚದಲ್ಲಿ ಮಲಗಿಕೊಂಡೇ ನರ್ಸಿನ ಜೊತೆ ಜಗಳ ತೆಗೆದಿದ್ದಳು. ನೋವಿಗಾಗಿ ಅಲ್ಲ, ಸೂಜಿಗಾಗಿಯೂ ಅಲ್ಲ. ತಲೆಯ ಮೇಲೆ ತೂಗುತ್ತಿದ್ದ ಸಲೈನ್ ಬಾಟಲಿಯ ಮೇಲೆ ಯಾರೂ ತಾರೀಖು ಬರೆದಿಲ್ಲ ಅಂತ. ತಾರೀಖಿಲ್ಲದ ಬಾಟಲಿಯನ್ನು ತಾನು ಇಪ್ಪತ್ತಾರು ವರ್ಷದಲ್ಲಿ ಒಂದು ಹುಳಕ್ಕೂ ಕೊಟ್ಟಿಲ್ಲ, ನೀವು ಮನುಷ್ಯರಿಗೆ ಹೇಗೆ ಕೊಡುತ್ತೀರಿ ಎಂದು ಕೇಳಿದಳಂತೆ. ಜ್ವರ ತಲೆಗೇರಿದೆ ಅಂದುಕೊಂಡು ನರ್ಸು ವೈದ್ಯರನ್ನು ಕರೆಸಿದಳು. ಜ್ವರ ತಲೆಗೇರಿರಲಿಲ್ಲ. ಆ ತಲೆ ಇದ್ದದ್ದೇ ಹಾಗೆ.

ಹೆಸರಿನ ಬಗ್ಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಚೇರಿಗೆ ಹೊಸದಾಗಿ ಬಂದವರು ‘ಬಾಟ್ಲಿ ಅಕ್ಕ’ ಅಂತ ಕೇಳಿ, ಏನೋ ನೆಪ ಮಾಡಿಕೊಂಡು ಅವಳ ಹತ್ತಿರ ನಿಂತು ಮೂಗು ಅರಳಿಸಿ ನೋಡುತ್ತಿದ್ದರು. ಅವರಿಗೆ ಸಿಗುತ್ತಿದ್ದದ್ದು ಹಸಿ ಎಲೆಯ ವಾಸನೆ, ಅದರ ಹಿಂದೆ ಹುಳದ ಹಿಕ್ಕೆಯ ವಾಸನೆ. ಅರಣ್ಯ ಸಂಶೋಧನಾ ಕಚೇರಿಯ ಹಿಂಭಾಗದಲ್ಲಿ, ಸೈಕಲ್ ನಿಲ್ಲಿಸುವ ಜಾಗಕ್ಕೂ ಶೌಚಾಲಯಕ್ಕೂ ನಡುವೆ, ಒಂದು ಉದ್ದನೆಯ ಕೋಣೆಯಿತ್ತು. ಅದರ ಗೋಡೆಗಳ ತುಂಬ ಹಲಗೆ, ಹಲಗೆಗಳ ತುಂಬ ಬಾಟಲಿ, ಪ್ರತಿ ಬಾಟಲಿಯಲ್ಲಿ ಒಂದೇ ಒಂದು ಕಂಬಳಿಹುಳ. ಬಾಯಿಗೆ ತೆಳು ಬಟ್ಟೆ, ಬಟ್ಟೆಗೆ ದಾರ, ಹೊರಗೆ ಚೀಟಿ. ಬೆಳಿಗ್ಗೆ ಬಂದು ನಾನೂರೈವತ್ತು ಹುಳಗಳಿಗೆ ಹೊಸ ಎಲೆ ಹಾಕಿ, ನಾನೂರೈವತ್ತು ಹುಳಗಳ ಹಿಕ್ಕೆ ಬಳಿಯುವುದು ಅವಳ ಕೆಲಸ. ಸರ್ಕಾರದ ಭಾಷೆಯಲ್ಲಿ ಅವಳು ‘ಪಾಲನಾ ಸಹಾಯಕಿ’. ಅವಳ ಭಾಷೆಯಲ್ಲಿ, ಹೋಟೆಲ್ ನಡೆಸುವವಳು. ಗಿರಾಕಿಗಳು ತಿನ್ನುವುದನ್ನು ಬಿಟ್ಟರೆ ಇನ್ನೇನೂ ಮಾಡದವರು.

ಇಷ್ಟೆಲ್ಲ ಉಪಚಾರ ಯಾಕೆಂದರೆ, ಕಂಬಳಿಹುಳದೊಳಗೆ ಏನಿದೆ ಅಂತ ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಸಾಕಿ, ಕಾದು, ಏನು ಹೊರಗೆ ಬರುತ್ತದೆ ಅಂತ ನೋಡಬೇಕು. ಕೆಲವುಗಳಿಂದ ಪತಂಗ ಬರುತ್ತದೆ. ಕೆಲವುಗಳಿಂದ, ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ಕಪ್ಪು ಕಣಜ. ತಾಯಿ ಕಣಜ ಹುಳದ ಮೈಯೊಳಗೆ ಮೊಟ್ಟೆ ಚುಚ್ಚಿಟ್ಟು ಹೋಗಿರುತ್ತದೆ. ಮರಿ ಒಳಗಿನಿಂದಲೇ ಹುಳವನ್ನು ತಿಂದು ಮುಗಿಸಿ, ಹೊರಗೆ ಬಂದು ಬಿಳಿ ಗೂಡು ಕಟ್ಟಿ, ವಾರದ ಮೇಲೆ ರೆಕ್ಕೆ ಬಿಚ್ಚುತ್ತದೆ. ಬಾಟ್ಲಿ ಅಕ್ಕ ಇವನ್ನು ಬಾಡಿಗೆದಾರರು ಅನ್ನುತ್ತಿದ್ದಳು. ಮನೆ ಖಾಲಿ ಮಾಡುವಾಗ ಮನೆಯ ಯಜಮಾನನನ್ನೇ ಖಾಲಿ ಮಾಡಿ ಹೋಗುವ ಬಾಡಿಗೆದಾರರು. ಕಾಡು ಉಳಿದಿರುವುದು ಇಲಾಖೆಯಿಂದಲ್ಲ, ಇವುಗಳಿಂದ ಅಂತ ಇಲಾಖೆಯ ಕಾರಿಡಾರಿನಲ್ಲಿ ನಿಂತು ಹೇಳುವಷ್ಟು ಅವಳಿಗೆ ಧೈರ್ಯವಿತ್ತು, ಅಥವಾ ಬುದ್ಧಿ ಕಡಿಮೆಯಿತ್ತು.

ಅವಳೂ ತಪ್ಪು ಮಾಡಿಯೇ ಕಲಿತವಳು. ಕೆಲಸಕ್ಕೆ ಸೇರಿದ ಮೊದಲ ವರ್ಷ ಇಪ್ಪತ್ತೆರಡು ಹುಳ ಅಲ್ಲಾಡದೆ ಮಲಗಿದ್ದನ್ನು ನೋಡಿ ‘ಸತ್ತಿವೆ’ ಅಂತ ಬರೆದು ಕಸದ ಬುಟ್ಟಿಗೆ ಸುರಿದಿದ್ದಳು. ಹತ್ತು ದಿನದ ಮೇಲೆ ಬುಟ್ಟಿಯ ಮುಚ್ಚಳ ತೆಗೆದಾಗ ಕಣಜಗಳ ಸಣ್ಣ ಹೊಗೆಯೊಂದು ಮೇಲೆದ್ದು ಕಿಟಕಿಯಿಂದ ಹೊರಗೆ ಹೋಯಿತು. ಅವತ್ತಿನಿಂದ ನಲವತ್ತು ದಿನ ತುಂಬದೆ ಅವಳು ಯಾವ ಹುಳವನ್ನೂ ಸತ್ತಿದೆ ಅಂತ ಒಪ್ಪಿಕೊಳ್ಳಲಿಲ್ಲ. ಅಧಿಕಾರಿಗಳ ಮಾತನ್ನು ಒಪ್ಪಿಕೊಳ್ಳಲು ಅದಕ್ಕಿಂತ ಹೆಚ್ಚು ದಿನ ತೆಗೆದುಕೊಳ್ಳುತ್ತಿದ್ದಳು.

ಗಂಡ ಹೋಗಿ ಬಹಳ ವರ್ಷವಾಗಿತ್ತು. ಮನೆಯ ಕೆಳಗಡೆ ಅವಳು, ಮೇಲೆ ಮೈದುನ ಮತ್ತು ಅವನ ಹೆಂಡತಿ. ಮೈದುನನೂ ಅದೇ ಇಲಾಖೆ. ಆದರೆ ಎದುರು ಪಕ್ಷ. ಅವನು ಸಿಂಪರಣೆ ತಂಡದ ಮೇಸ್ತ್ರಿ. ಟ್ಯಾಂಕರು, ಪಂಪು, ನೂರು ಮೀಟರು ಹೋಸು, ಆರು ಜನ ಆಳು ಅವನ ಕೈಕೆಳಗೆ. ಅವಳು ಬೆಳೆಸಿದ್ದನ್ನು ಇವನು ಸಾಯಿಸುತ್ತಾನೆ ಅಂತ ಬೀದಿಯವರೆಲ್ಲ ತಮಾಷೆ ಮಾಡುತ್ತಿದ್ದರು. ಕಚೇರಿಯ ಕೋಣೆಯ ಸೂರು ಸೋರುತ್ತಿದ್ದರಿಂದ ಒಂದಷ್ಟು ಬಾಟಲಿಗಳು ಮನೆಯ ಅಡುಗೆಮನೆಯ ಕಿಟಕಿಯಲ್ಲಿರುತ್ತಿದ್ದವು. ಫ್ರಿಜ್ಜಿನಲ್ಲಿ ತರಕಾರಿಗಿಂತ ಒದ್ದೆ ಕಾಗದ ಸುತ್ತಿದ ಕಾಡಿನ ಸೊಪ್ಪೇ ಹೆಚ್ಚು. ಹಾಗಾಗಿ, ಮೈಗಂಟಿದ ಔಷಧಿ ಹುಳಕ್ಕೆ ತಾಗದಿರಲಿ ಅಂತ, ಮೈದುನ ಕೆಲಸ ಮುಗಿಸಿ ಬಂದರೆ ಹಿತ್ತಲ ನಲ್ಲಿಯಲ್ಲಿ ಸ್ನಾನ ಮಾಡಿ, ಬಟ್ಟೆಯನ್ನು ಅಲ್ಲೇ ಬಕೆಟ್ಟಿಗೆ ಹಾಕಿ, ಟವೆಲು ಸುತ್ತಿಕೊಂಡು ಹೊರಗಿನ ಮೆಟ್ಟಿಲು ಹತ್ತಿ ಮೇಲೆ ಹೋಗಬೇಕು. ಹದಿನಾಲ್ಕು ವರ್ಷ ಅವನು ಹಾಗೇ ಹತ್ತಿದ. ನನ್ನ ಗಂಡನನ್ನು ನನಗಿಂತ ಪಕ್ಕದ ಮನೆಯವರೇ ಹೆಚ್ಚು ನೋಡಿದ್ದಾರೆ ಅಂತ ಅವನ ಹೆಂಡತಿ ಹೇಳುತ್ತಿದ್ದಳು. ಅವನು ಅತ್ತಿಗೆಗೆ ಎದುರಾಡುತ್ತಿರಲಿಲ್ಲ. ಅವಳು ಬೈದರೆ ಅವನು ಕಿವಿಯ ಹಿಂದೆ ಕೆರೆದುಕೊಳ್ಳುತ್ತಿದ್ದ. ಅದು ಅವನ ಉತ್ತರ.

ಅವಳು ಸಾಯುವುದಕ್ಕೆ ಎರಡು ವರ್ಷ ಮೊದಲು, ಚಿಗುರು ಬಿಡುವ ಕಾಲಕ್ಕೆ, ಊರ ಮೇಲಿನ ಇಳಿಜಾರಿನ ಕಾಡಿಗೆ ಕಂಬಳಿಹುಳ ಬಿತ್ತು. ಬಿತ್ತು ಅಂದರೆ, ಮರದ ಕೆಳಗೆ ನಿಂತರೆ ಹಿಕ್ಕೆ ಉದುರುವ ಸದ್ದು ತುಂತುರು ಮಳೆಯ ಹಾಗೆ ಕೇಳಿಸುತ್ತಿತ್ತು. ಇಲಾಖೆ ಕಾಡನ್ನು ಎರಡು ಭಾಗ ಮಾಡಿತು. ಒಂದು ಭಾಗಕ್ಕೆ ಔಷಧಿ. ಇನ್ನೊಂದು ಭಾಗವನ್ನು ಹೋಲಿಸಿ ನೋಡಲು ಹಾಗೇ ಬಿಟ್ಟರು. ಔಷಧಿ ಅಂದರೆ ಬ್ಯಾಕ್ಟೀರಿಯಾದ ಪುಡಿ. ಎಲೆಯ ಜೊತೆ ಹೊಟ್ಟೆಗೆ ಹೋದರೆ ಮಾತ್ರ ಹುಳ ಸಾಯುತ್ತದೆ. ಮೈಮೇಲೆ ಬಿದ್ದರೆ ಏನೂ ಆಗುವುದಿಲ್ಲ. ಮೈದುನನ ತಂಡ ಎರಡು ದಿನ ಹೊಡೆಯಿತು. ವಾರ ಕಳೆದ ಮೇಲೆ ಬಾಟ್ಲಿ ಅಕ್ಕ ಚೀಲ ಹೆಗಲಿಗೆ ಹಾಕಿಕೊಂಡು ಹುಳ ಹುಡುಕಲು ಹೋದಳು.

ಔಷಧಿ ಹೊಡೆಯದ ಕಡೆ ಅರ್ಧ ಬೆಳಿಗ್ಗೆಗೆ ನಾನೂರು ಹುಳ ಸಿಕ್ಕವು. ಹೊಡೆದ ಕಡೆ ಎರಡು ದಿನ ಮರ ಮರ ಅಲ್ಲಾಡಿಸಿದರೂ ಸಿಕ್ಕಿದ್ದು ನಲವತ್ತು. ಎಲ್ಲವನ್ನೂ ಬಾಟಲಿಗೆ ಹಾಕಿ ಸಾಕಿದಳು. ನಾನೂರರಲ್ಲಿ ಎಂಬತ್ತಕ್ಕೆ ಬಾಡಿಗೆದಾರರಿದ್ದರು. ನಲವತ್ತರಲ್ಲಿ ಹದಿನೆಂಟಕ್ಕೆ.

ಇಷ್ಟನ್ನು ಅವಳು ಬರೆದು ಸಣ್ಣ ಸಾಹೇಬರಿಗೆ ಕೊಟ್ಟಳು. ಸಣ್ಣ ಸಾಹೇಬರು ಈ ಪ್ರಯೋಗ ನೋಡಿಕೊಳ್ಳುವ ವಿಜ್ಞಾನಿ. ಒಳ್ಳೆಯ ಹುಡುಗ, ಓದಿದವನು, ಆದರೆ ಫಾರಂ ಕಂಡರೆ ಹೆದರುವವನು. ಮೇಲಿನ ಕಚೇರಿಯ ಫಾರಂನಲ್ಲಿ ಕಣಜಕ್ಕೆ ಅಂತ ಇದ್ದದ್ದು ಒಂದೇ ಕಾಲಂ: ‘ಶೇಕಡಾ’. ಅವರು ಲೆಕ್ಕ ಹಾಕಿ ತುಂಬಿದರು. ಹೊಡೆಯದ ಕಡೆ ಇಪ್ಪತ್ತು. ಹೊಡೆದ ಕಡೆ ನಲವತ್ತೈದು.

ಅವಳು ಇನ್ನೊಂದು ಕಾಲಂ ಎಳೆಯಿರಿ, ಎಷ್ಟು ಹುಳ ಸಿಕ್ಕವು ಅಂತಲೂ ಬರೆಯಿರಿ ಅಂದಳು. ಫಾರಂ ಅಚ್ಚಾಗಿ ಬಂದಿದೆಯಲ್ಲಮ್ಮ ಅಂದರು ಸಣ್ಣ ಸಾಹೇಬರು. ಸ್ಕೇಲು ಇಲ್ಲವೇ, ನನ್ನ ಹತ್ತಿರ ಇದೆ ಅಂದಳು. ಅವರು ನಕ್ಕು, ಫಾರಂ ಕಳಿಸಿಬಿಟ್ಟರು.

ಮೂರು ದಿನಕ್ಕೆ ಮೇಲಿನ ಕಚೇರಿಯ ದೊಡ್ಡ ಸಾಹೇಬರ ಉತ್ತರ ಬಂತು. ಅಭಿನಂದನೆಗಳು. ಔಷಧಿಯಿಂದ ಕಣಜಗಳಿಗೆ ತೊಂದರೆಯಾಗಿಲ್ಲ, ಬದಲಿಗೆ ದುಪ್ಪಟ್ಟಿಗಿಂತ ಹೆಚ್ಚಾಗಿವೆ. ಆದ್ದರಿಂದ ಬರುವ ಸೋಮವಾರ ಎರಡನೇ ಸಿಂಪರಣೆ ಆಗಲಿ. ಈ ಸಲ ಬಿಟ್ಟ ಭಾಗಕ್ಕೂ ಸೇರಿಸಿ. ಬ್ಯಾಕ್ಟೀರಿಯಾದ ಪುಡಿ ದಾಸ್ತಾನಿಲ್ಲದ ಕಾರಣ ಉಗ್ರಾಣದಲ್ಲಿರುವ ಇನ್ನೊಂದನ್ನು ಬಳಸುವುದು. ಆ ಇನ್ನೊಂದು ಹೊಟ್ಟೆಗೆ ಹೋಗಬೇಕಾಗಿಲ್ಲ. ಮೈಗೆ ತಾಗಿದರೆ ಸಾಕು. ಶುಕ್ರವಾರ ತಾವೇ ಸಭೆಗೆ ಬರುತ್ತೇವೆ, ಆ ಕಣಜಗಳನ್ನು ಕಣ್ಣಾರೆ ನೋಡಬೇಕು ಅಂತಲೂ ಬರೆದಿದ್ದರು.

ಬಾಟ್ಲಿ ಅಕ್ಕ ಆ ಕಾಗದವನ್ನು ಎರಡು ಸಲ ಓದಿದಳು. ಕಾಡಿನಲ್ಲಿ ಆ ವಾರವೇ ಕಣಜಗಳು ಗೂಡು ಒಡೆದು ಹಾರಾಡಲು ಶುರುಮಾಡಿದ್ದವು. ಕಂಬಳಿಹುಳಗಳಿಗೆ ಇನ್ನು ಎರಡು ವಾರ. ಆಮೇಲೆ ಅವೇ ಎಲೆ ಬಿಟ್ಟು ಗೂಡು ಕಟ್ಟಿಕೊಂಡು ಒಳಗೆ ಕೂರುತ್ತವೆ, ಆಗ ಯಾವ ಔಷಧಿ ಹೊಡೆದರೂ ಮರ ತೊಳೆದ ಹಾಗೆ. ಅಂದರೆ ಸೋಮವಾರ ಹೊಡೆದರೆ ಮೊದಲು ಸಾಯುವುದು ರೆಕ್ಕೆ ಬಿಚ್ಚಿದ ಬಾಡಿಗೆದಾರರು. ಹೊಡೆದ ಕಡೆ ಅಳಿದುಳಿದವೂ, ಹೊಡೆಯದ ಕಡೆಯ ಅಷ್ಟೂ. ಮುಂದಿನ ವರ್ಷ ಹುಳ ಬರುತ್ತದೆ. ಅದನ್ನು ತಿನ್ನುವವರು ಬರುವುದಿಲ್ಲ. ಇಪ್ಪತ್ನಾಲ್ಕು ವರ್ಷ ಅವಳು ಎಣಿಸುತ್ತ ಬಂದ ಸಂಸಾರ ಒಂದು ಸೋಮವಾರ ಬೆಳಿಗ್ಗೆಗೆ ಮುಗಿಯುತ್ತದೆ.

ಶುಕ್ರವಾರದ ಸಭೆಗೆ ಅವಳು ಒಗೆದ ಸೀರೆ ಉಟ್ಟು, ಹದಿನೆಂಟು ಬಾಟಲಿಗಳನ್ನು ತಟ್ಟೆಯಲ್ಲಿಟ್ಟುಕೊಂಡು ಬಂದಳು. ಹದಿನೆಂಟರಲ್ಲೂ ಕಣಜ ಹೊರಬಂದಿದ್ದವು. ಒಂದೊಂದು ಬಾಟಲಿಯಲ್ಲೂ ಸಕ್ಕರೆ ನೀರಲ್ಲಿ ಅದ್ದಿದ ಹತ್ತಿ. ಹೋಲಿಸಿ ತೋರಿಸಲು ಕಂಬಳಿಹುಳ ಇದ್ದ ಎರಡು ಬಾಟಲಿಯನ್ನೂ ತಂದಿದ್ದಳು. ಮೈದುನ ಪಂಪು, ಟ್ಯಾಂಕರು ಸಿದ್ಧವಿದೆ ಅಂತ ಹೇಳಲು ಬಂದವನು ಬಾಗಿಲ ಬಳಿ ನಿಂತಿದ್ದ. ಉದ್ದನೆಯ ಮೇಜು, ಎಂಟು ಜನ ಅಧಿಕಾರಿಗಳು, ಎಂಟು ಲೋಟ ಚಹಾ.

ದೊಡ್ಡ ಸಾಹೇಬರು ಶೇಕಡಾ ನಲವತ್ತೈದರ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಸಂಬಂಧಿಕರ ಮಗುವಿನ ಅಂಕಪಟ್ಟಿ ಓದುವಷ್ಟು ಸಂತೋಷ ಅವರಿಗೆ. ಮುಗಿದ ಮೇಲೆ, ಕೇಳದಿದ್ದರೂ, ಬಾಟ್ಲಿ ಅಕ್ಕ ಬಾಯಿ ತೆಗೆದಳು.

“ಹೊಡೆಯದ ಕಡೆ ಅರ್ಧ ಬೆಳಿಗ್ಗೆಗೆ ಎಂಬತ್ತು, ಹೊಡೆದ ಕಡೆ ಹದಿನೆಂಟು ಸಾರ್. ಅದೂ ಎರಡು ದಿನ ಹುಡುಕಿದ್ದಕ್ಕೆ. ಇದಕ್ಕೆ ಹೆಚ್ಚಾಗಿದೆ ಅಂತಾರಾ?”

ಮತ್ತೆ ಈ ನಲವತ್ತೈದು ಎಲ್ಲಿಂದ ಬಂತು ಅಂತ ದೊಡ್ಡ ಸಾಹೇಬರು ಸಣ್ಣ ಸಾಹೇಬರನ್ನು ನೋಡಿದರು. ಸಣ್ಣ ಸಾಹೇಬರು ಲೋಟ ನೋಡಿದರು. ಅವಳೇ ಬಿಡಿಸಿ ಹೇಳಿದಳು. ಹೊಟ್ಟೆಯೊಳಗೆ ಬಾಡಿಗೆದಾರ ಕೂತ ಹುಳಕ್ಕೆ ಊಟ ಸೇರುವುದಿಲ್ಲ. ಊಟ ಸೇರದ ಹುಳ ಎಲೆ ತಿನ್ನುವುದು ಕಡಿಮೆ, ಎಲೆಯ ಮೇಲಿನ ವಿಷವೂ ಕಡಿಮೆ. ಗಟ್ಟಿಯಾಗಿ ತಿಂದ ಆರೋಗ್ಯವಂತರೆಲ್ಲ ಸತ್ತರು, ಕಾಯಿಲೆಯವರು ಉಳಿದರು. ಉಳಿದವರಲ್ಲಿ ಕಾಯಿಲೆಯವರೇ ಹೆಚ್ಚು ಕಾಣುತ್ತಾರೆ, ಅಷ್ಟೇ. “ಮದುವೆ ಊಟದಲ್ಲಿ ವಿಷ ಬಿದ್ದು ಊರೆಲ್ಲ ಸತ್ತರೆ, ಉಳಿಯೋರು ಹೊಟ್ಟೆನೋವು ಅಂತ ಮನೇಲಿ ಮಲಗಿದ್ದೋರು. ಹಾಗಂತ ಊರಲ್ಲಿ ಹೊಟ್ಟೆನೋವು ಜಾಸ್ತಿಯಾಯ್ತು ಅಂತ ಹಿಗ್ಗೋದಾ?”

ಯಾರೋ ಒಬ್ಬರು ನಕ್ಕರು, ಆಮೇಲೆ ಕೆಮ್ಮಿದ ಹಾಗೆ ಮಾಡಿದರು. ದೊಡ್ಡ ಸಾಹೇಬರು ಮುಖ ಗಂಭೀರ ಮಾಡಿಕೊಂಡು, ಮೊದಲು ಕಣಜ ನೋಡೋಣ ಅಂದರು. ಗಾಜಿನ ಹೊರಗಿನಿಂದ ನೋಡಿದರೆ ಸಾಕಾಗಿತ್ತು. ಅವರು ದಾರ ಬಿಚ್ಚಿದರು. ದೊಡ್ಡವರು ಬಿಚ್ಚಿದ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ, ಮೇಜಿನ ಸುತ್ತ ಕೂತವರೆಲ್ಲ ಒಂದೋ ಎರಡೋ ಬಾಟಲಿ ಎಳೆದುಕೊಂಡು ದಾರ ಬಿಚ್ಚಿದರು. ಅವಳು ಬೇಡ ಬೇಡ ಅನ್ನುವಷ್ಟರಲ್ಲಿ ಹನ್ನೊಂದು ಬಾಟಲಿ ತೆರೆದು, ಹನ್ನೊಂದು ಕಣಜ ಕಿಟಕಿಯ ಗಾಜಿಗೆ ಹೋಗಿ ಕೂತವು. ಕಚ್ಚುತ್ತವೆ ಅಂತ ಒಬ್ಬರು ಕುರ್ಚಿ ಹಿಂದಕ್ಕೆ ಎಳೆದರು. ಅವು ಜನ್ಮದಲ್ಲಿ ಯಾರನ್ನೂ ಕಚ್ಚಿದವಲ್ಲ. ಆದರೆ ಜವಾನ ಹಳೆಯ ನೌಕರ, ಸಾಹೇಬರ ಕುರ್ಚಿ ಕದಲಿದರೆ ತನ್ನ ಕರ್ತವ್ಯ ಏನೆಂದು ಬಲ್ಲವನು. ಮೂಲೆಯಲ್ಲಿದ್ದ ಜಿರಲೆ ಸ್ಪ್ರೇ ಡಬ್ಬಿ ತೆಗೆದುಕೊಂಡು ಕಿಟಕಿಯ ಈ ತುದಿಯಿಂದ ಆ ತುದಿಯವರೆಗೆ ಹೊಡೆದ.

ಬಾಟ್ಲಿ ಅಕ್ಕ ದಾರ ಬಿಚ್ಚದೆ ಉಳಿದಿದ್ದ ಏಳು ಬಾಟಲಿಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ಓಡಿ, ಕಾರಿಡಾರಿನ ತುದಿಯಲ್ಲಿಟ್ಟು ವಾಪಸು ಬಂದಳು. ಅಷ್ಟರಲ್ಲಿ ಮುಗಿದಿತ್ತು. ಹನ್ನೊಂದರಲ್ಲಿ ಒಂಬತ್ತು ಕಿಟಕಿಯ ಅಂಚಿನಲ್ಲಿ ಅಂಗಾತ ಬಿದ್ದಿದ್ದವು. ಎರಡು ಸಣ್ಣ ಸಾಹೇಬರ ಚಹಾದಲ್ಲಿ. ಅವಳು ಬೆರಳ ತುದಿಗೆ ಎಂಜಲು ಹಚ್ಚಿಕೊಂಡು ಒಂದೊಂದನ್ನೇ ಎತ್ತಿ ಕಾಗದದ ಮೇಲೆ ಸಾಲಾಗಿ ಇಟ್ಟಳು. ಚಹಾದಲ್ಲಿದ್ದವನ್ನು ಚಮಚದಿಂದ ತೆಗೆದಳು. ಮೇಜಿನ ಮೇಲಿದ್ದ ಎರಡು ಬಾಟಲಿಗಳಲ್ಲಿ ಕಂಬಳಿಹುಳಗಳು ತಲೆ ಎತ್ತದೆ ಎಲೆ ಮೇಯುತ್ತಲೇ ಇದ್ದವು. ಅದರ ಸದ್ದು ಮೇಜಿನ ಸುತ್ತ ಕೇಳುತ್ತಿತ್ತು.

“ಸೋಮವಾರ ಕಾಡಲ್ಲಿ ಆಗೋದು ಇದೇ,” ಅಂದಳು. “ಇನ್ನು ಎರಡು ವಾರ ತಡೀರಿ. ಅಷ್ಟೇ ನಾನು ಕೇಳೋದು.”

ಕತೆಯಾಗಿದ್ದರೆ ಇಲ್ಲಿ ದೊಡ್ಡ ಸಾಹೇಬರ ಮನಸ್ಸು ಕರಗಬೇಕಿತ್ತು. ಅವರು ಕರವಸ್ತ್ರದಿಂದ ಮೂಗು ಒರೆಸಿಕೊಂಡು, ಇದು ಮುಚ್ಚಿದ ಕೋಣೆ, ಅದು ತೆರೆದ ಕಾಡು, ಎರಡನ್ನೂ ಹೋಲಿಸುವುದು ವೈಜ್ಞಾನಿಕವಲ್ಲ ಅಂದರು. ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಅಂತ ಬರೆಸಿದರು. ಬಾಗಿಲ ಬಳಿ ನಿಂತ ಮೇಸ್ತ್ರಿಯನ್ನು ಪಂಪು ಸಿದ್ಧವೇ ಅಂತ ಕೇಳಿದರು. ಮೈದುನ ಕಿವಿಯ ಹಿಂದೆ ಕೆರೆದುಕೊಂಡು, ಸಿದ್ಧ ಸಾರ್ ಅಂದ.

ಅವತ್ತು ಮನೆಯಲ್ಲಿ ಅವಳು ಅವನ ಜೊತೆ ಮಾತಾಡಲಿಲ್ಲ. ಸ್ನಾನ ಮಾಡಿ ಹತ್ತು ಅಂತಲೂ ಹೇಳಲಿಲ್ಲ. ಅವನಾಗಿಯೇ ಸ್ನಾನ ಮಾಡಿ, ಟವೆಲಿನಲ್ಲಿ ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತು ಕೆಳಗೆ ನೋಡಿದ. ಅವಳು ಅಡುಗೆಮನೆಯಲ್ಲಿ ಖಾಲಿ ಬಾಟಲಿ ತೊಳೆಯುತ್ತಿದ್ದಳು. ಸದ್ದು ಮಾಡಿ ತೊಳೆಯುತ್ತಿದ್ದಳು.

ಭಾನುವಾರ ಬೆಳಿಗ್ಗೆ ತೊಳೆದ ಅರವತ್ತು ಬಾಟಲಿಗಳನ್ನು ಎರಡು ಚೀಲಕ್ಕೆ ತುಂಬಿಕೊಂಡು ಕಾಡಿಗೆ ಹೋದಳು. ಅರವತ್ತು ಕಣಜವನ್ನಾದರೂ ಉಳಿಸೋಣ, ಎಲ್ಲ ಮುಗಿದ ಮೇಲೆ ತಂದು ಬಿಡೋಣ ಅನ್ನುವುದು ಯೋಜನೆ. ಎಂಥ ದಡ್ಡ ಯೋಜನೆ ಅಂತ ಅವಳಿಗೂ ಗೊತ್ತಿತ್ತು. ವಿಷ ಎಲೆಯ ಮೇಲೆ ವಾರಗಟ್ಟಲೆ ಇರುತ್ತದೆ. ಅಷ್ಟು ದಿನ ಕಣಜ ಬಾಟಲಿಯಲ್ಲಿ ಬದುಕುವುದಿಲ್ಲ. ಆದರೂ ಐವತ್ತಾರು ವರ್ಷದ ಹೆಂಗಸು, ಮಂಡಿನೋವಿನವಳು, ಮಧ್ಯಾಹ್ನದವರೆಗೆ ಪೊದೆ ಪೊದೆ ಬಗ್ಗಿ ಮೂವತ್ತೊಂದು ಹಿಡಿದಳು. ಒಂದೊಂದಕ್ಕೂ ತಾರೀಖು ಬರೆದಳು.

ಇಳಿಯುವಾಗ ಇಲಾಖೆಯ ಶೆಡ್ಡಿನ ಬಾಗಿಲು ತೆರೆದಿತ್ತು. ರಜೆಯ ದಿನ ಯಾರಪ್ಪ ಅಂತ ಇಣುಕಿದಳು. ಒಳಗೆ ಮೈದುನ ಒಬ್ಬನೇ ನೆಲದ ಮೇಲೆ ಕೂತಿದ್ದ. ಅವನ ಸುತ್ತ ಹಳೆಯ ಪತ್ರಿಕೆ ಹಾಸಿತ್ತು. ಪತ್ರಿಕೆಯ ಮೇಲೆ ಪಂಪು ಇತ್ತು. ಪಂಪು ಅಂದರೆ ಅದರ ಸ್ಕ್ರೂ, ವಾಷರು, ಸ್ಪ್ರಿಂಗು, ಕವಾಟ, ಪಿಸ್ಟನ್ನು, ಎಲ್ಲ ಬೇರೆ ಬೇರೆ, ಸಾಲು ಸಾಲಾಗಿ. ಮೊಣಕೈವರೆಗೆ ಗ್ರೀಸು. ನಡುವಿನ ರಬ್ಬರ್ ಸೀಲನ್ನು ಅವನು ಕತ್ತರಿಯಿಂದ ಎರಡು ಮಾಡಿ ಪಕ್ಕದಲ್ಲಿ ಇಟ್ಟಿದ್ದ.

ಅವಳು ಚೀಲಗಳನ್ನು ಶೆಡ್ಡಿನಿಂದ ದೂರ, ನೆರಳಲ್ಲಿ ಇಟ್ಟು ಬಂದು ಬಾಗಿಲಲ್ಲಿ ನಿಂತಳು. ಅವನು ತಲೆ ಎತ್ತಲಿಲ್ಲ.

“ಕೆಟ್ಟಿದೆ ಅತ್ತಿಗೆ.”

“ಕಾಣ್ತಾ ಇದೆ.”

“ಈ ಸೀಲು ಇಲ್ಲಿ ಸಿಗಲ್ಲ. ತರಿಸಬೇಕು.” ಒಂದು ವಾಷರನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. “ಹುಳ ಗೂಡು ಕಟ್ಟೋದು ಯಾವಾಗ ಅಂದ್ರಿ?”

“ಹನ್ನೆರಡು ದಿನ.”

“ಹಾಗಾದ್ರೆ ಸೀಲು ಬರೋದು ಹದಿಮೂರನೇ ದಿನ.”

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಕತ್ತರಿ ಅಡುಗೆಮನೆಯದಲ್ಲವೇ, ಮನೆಗೆ ತರಬೇಡ, ಅಲ್ಲೇ ಎಸೆ ಅಂದು ಹೊರಗೆ ಹೋದಳು. ಆಮೇಲೆ ಮತ್ತೆ ಇಳಿಜಾರು ಹತ್ತಿ ಮೂವತ್ತೊಂದು ಬಾಟಲಿಯ ದಾರ ಬಿಚ್ಚಿದಳು.

ದೊಡ್ಡ ಸಾಹೇಬರು ಫೋನಿನಲ್ಲಿ ಕೂಗಾಡಿದರು. ಮೈದುನನಿಗೆ ಕಾರಣ ಕೇಳುವ ನೋಟೀಸು ಬಂತು. ಅವನು ‘ಸೀಲು ಹಳೆಯದು’ ಅಂತ ಎರಡು ಪದದ ಉತ್ತರ ಬರೆದ. ಕಡತದಲ್ಲಿ ಇವತ್ತಿಗೂ ‘ಯಂತ್ರ ದೋಷದ ನಿಮಿತ್ತ ಮುಂದೂಡಲಾಗಿದೆ’ ಅಂತಿದೆ. ಬೀದಿಯ ಬೆಕ್ಕು ಮರಿ ಹಾಕಿದ್ದನ್ನೂ ನಾಲ್ಕು ಜನಕ್ಕೆ ಹೇಳದೆ ಇರಲಾರದ ಬಾಟ್ಲಿ ಅಕ್ಕ ಈ ಒಂದನ್ನು ಯಾರಿಗೂ ಹೇಳಲಿಲ್ಲ. ವರ್ಷಗಟ್ಟಲೆ ಜೊತೆಯಲ್ಲಿ ಕಾಫಿ ಕುಡಿದ ಗೆಳತಿಗೂ ಹೇಳಲಿಲ್ಲ. ಅಕ್ಕ ಹೋದ ಮೇಲೆ, ಕಳೆದ ತಿಂಗಳು ನಿವೃತ್ತನಾದ ಮೈದುನನೇ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತುಕೊಂಡು ಆ ಗೆಳತಿಗೆ ಹೇಳಿದ್ದು.

ಹದಿಮೂರನೇ ದಿನ ಹೊಸ ಸೀಲು ಬಂತು. ಮೈದುನ ಪಂಪು ಜೋಡಿಸಿ, ಟ್ಯಾಂಕರನ್ನು ಕೆಳಗೇ ನಿಲ್ಲಿಸಿ, ಸಿಂಪಡಿಸಲು ಹುಳ ಇದೆಯೋ ಇಲ್ಲವೋ ಅಂತ ವರದಿ ಬರೆಯಲು ಕಾಡಿಗೆ ಹತ್ತಿದ. ಅತ್ತಿಗೆ ಅವನಿಗಿಂತ ಮೊದಲೇ ಅಲ್ಲಿದ್ದಳು. ಎಲೆಯ ಮೇಲೆ ಹುಳ ಇರಲಿಲ್ಲ. ತೊಗಟೆಯ ಸಂದಿಯಲ್ಲೆಲ್ಲ ಅವುಗಳ ಕಂದು ಗೂಡು. ನಡುನಡುವೆ, ಸಣ್ಣದಾಗಿ, ಕಣಜದ ಬಿಳಿ ಗೂಡು. ಹನ್ನೆರಡು ವರ್ಷ ಈ ಮರಗಳಿಗೆ ಹೋಸು ಹಿಡಿದವನು ಮೊದಲ ಸಲ ತೊಗಟೆಗೆ ಮುಖ ಹತ್ತಿರ ತಂದು ನೋಡಿದ. ಬೆರಳಿಟ್ಟು ಬಿಳಿಯವನ್ನು ಎಣಿಸಿದ. ಒಂದು ಮರದಲ್ಲಿ ಹತ್ತೊಂಬತ್ತು ಅತ್ತಿಗೆ ಅಂದ, ಸ್ವಲ್ಪ ಹೆಮ್ಮೆಯಿಂದಲೇ.

ಅವಳು ಕನ್ನಡಕ ಮೇಲೆ ಮಾಡಿ ಅದೇ ಮರ ನೋಡಿದಳು. ಅದರಲ್ಲಿ ನಾಲ್ಕು ಜೇಡನ ಗೂಡು, ಎರಡು ಹಕ್ಕಿಯ ಹಿಕ್ಕೆ ಅಂದಳು. ಮತ್ತೆ ಎಣಿಸು ಅಂದಳು.

ಅವನು ಮತ್ತೆ ಒಂದರಿಂದ ಶುರುಮಾಡಿದ.